ಸೊಂಟದ ಕಬ್ಬಿಣ

ರಾಯದುರ್ಗದ ಹೊರಗಿನ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುವ ಹೆಂಗಸರು ಯಾರೇ ಆಗಲಿ, ಅನ್ನದಾನಮ್ಮನ ಮುಂದೆ ಕೈ ಅಗಲಿಸಿ ನಿಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. ಗೇಟಿನ ಪಕ್ಕ ಹಸಿರು ಪರದೆ ಕಟ್ಟಿದ ಒಂದು ಮೂಲೆ ಇದೆ. ಅಲ್ಲಿ ಆಕೆ ಮೊಳದುದ್ದದ ಕರಿ ಕಡ್ಡಿ ಹಿಡಿದು ನಿಂತಿರುತ್ತಾಳೆ. ಕಡ್ಡಿಯನ್ನು ಮೈಗೆ ತಾಗಿಯೂ ತಾಗದ ಹಾಗೆ ಮೇಲಿಂದ ಕೆಳಕ್ಕೆ ಇಳಿಸಿದರೆ, ಎಲ್ಲಿ ಲೋಹ ಇದೆಯೋ ಅಲ್ಲಿ ಅದು ಕುಂಯ್ ಅನ್ನುತ್ತದೆ. ಆಫೀಸಿನವರು ಅದನ್ನು ಮೆಟಲ್ ಡಿಟೆಕ್ಟರ್ ಅನ್ನುತ್ತಾರೆ. ಹೆಂಗಸರು ಚಾಡಿಕಡ್ಡಿ ಅನ್ನುತ್ತಾರೆ. ನನ್ನ ಕೇಳಿದರೆ ಹೆಂಗಸರು ಇಟ್ಟದ್ದೇ ಸರಿಯಾದ ಹೆಸರು.

ಒಳಗೆ ಹೊಲಿಯುವುದು ಪರದೇಶದ ಮಕ್ಕಳ ಜೀನ್ಸ್ ಪ್ಯಾಂಟು. ಆ ಮಕ್ಕಳಲ್ಲಿ ಒಂದರ ತೊಡೆಗೆ ಮುರಿದ ಸೂಜಿಯ ಮೊನೆ ಚುಚ್ಚಿತೋ, ಹಡಗು ತುಂಬಿ ಹೋದ ಮಾಲು ಹಾಗೇ ವಾಪಸ್ ಬರುತ್ತದೆ. ಅದಕ್ಕೇ ಒಳಗೆ ಹೋಗುವವರ ಸೆರಗಿನಲ್ಲಿ ಪಿನ್ನು ಇರಬಾರದು, ತಾಳಿಸರಕ್ಕೆ ಸಿಕ್ಕಿಸಿಕೊಂಡ ಪಿನ್ನಂತೂ ಇರಲೇಬಾರದು. ಹೊರಗೆ ಬರುವವರ ಬಳಿ ಹಿತ್ತಾಳೆ ಗುಂಡಿಯೋ ಜಿಪ್ಪೋ ಇರಬಾರದು. ಪರದೇಶದ ಕೂಸುಗಳ ಮೇಲೆ ಆ ಫ್ಯಾಕ್ಟರಿಗೆ ಅಷ್ಟು ಅಕ್ಕರೆ. ಈ ಊರಿನ ಕೂಸುಗಳ ಮಾತು ಬೇರೆ, ಅದನ್ನೇ ಹೇಳಲು ಹೊರಟಿದ್ದೇನೆ.

ಅನ್ನದಾನಮ್ಮ ಹುಟ್ಟಿದ್ದು ಭೈರವಾನಿತಿಪ್ಪದ ಡ್ಯಾಮಿನ ಪಕ್ಕದ ಹಳ್ಳಿಯಲ್ಲಿ. ರಾಯದುರ್ಗದ ಕೋಟೆಗುಡ್ಡದ ಬುಡದ ಓಣಿಗೆ ಸೊಸೆಯಾಗಿ ಬಂದಳು. ಗಂಡ ಸಣ್ಣಬಸಪ್ಪ ಮಾರ್ಕೆಟ್ಟಿನಲ್ಲಿ ಹಮಾಲಿ. ಮೂಟೆ ಹೊರುವ ಮನುಷ್ಯ ಬೇಗ ಸವೆಯುತ್ತಾನೆ, ಆತನೂ ಸವೆದು ಹೋದ. ಒಬ್ಬನೇ ಮಗ ಭೀಮೇಶ ಇನ್ನೂ ಶಾಲೆಯಲ್ಲಿದ್ದ. ಆಗ ಅನ್ನದಾನಮ್ಮ ಯಾರ ಮನೆಯ ಬಾಗಿಲಿಗೂ ಹೋಗಿ ಕೈ ಚಾಚಲಿಲ್ಲ. ಫ್ಯಾಕ್ಟರಿಗೆ ಸೇರಿ, ಪ್ಯಾಂಟಿನ ಜೇಬು ಕೂಡಿಸುವ ಮಷೀನಿನ ಮುಂದೆ ಕೂತಳು. ಮಗ ಬೆಳೆದು ಬೆಳುಗುಪ್ಪದ ರಸ್ತೆಗೆ ಆಟೋ ಓಡಿಸುವ ತನಕ ಜೇಬು ಕೂಡಿಸಿದಳು.

ಒಂದು ದಿನ ಮಷೀನಿನ ಸೂಜಿ ಅವಳ ತೋರುಬೆರಳಿನ ಉಗುರನ್ನೇ ಸೀಳಿಕೊಂಡು ಇಳಿಯಿತು. ಇಳಿದದ್ದು ಮುರಿಯಿತು. ಮುರಿದ ಸೂಜಿಯ ಚೂರೆಲ್ಲ ಸಿಗುವ ತನಕ ಲೈನು ನಿಲ್ಲಿಸಬೇಕು, ಅದು ಅಲ್ಲಿಯ ಕಾನೂನು. ಬಟ್ಟೆಯಲ್ಲಿ ಹುಡುಕಿದರು, ನೆಲದಲ್ಲಿ ಹುಡುಕಿದರು, ಮೊನೆ ಸಿಗಲಿಲ್ಲ. ರಕ್ತ ಸುರಿಯುವ ಬೆರಳು ಹಿಡಿದುಕೊಂಡು ಅನ್ನದಾನಮ್ಮ ಗೋಡೆಗೆ ಒರಗಿ ನಿಂತಿದ್ದಳು. ಕೊನೆಗೆ ಯಾರಿಗೋ ಹೊಳೆದು, ಪ್ಯಾಕಿಂಗಿನಿಂದ ಕಡ್ಡಿ ತಂದು ಅವಳ ಬೆರಳ ಮೇಲೆ ಹಿಡಿದರು. ಕುಂಯ್ ಅಂತು.

"ಸಿಕ್ತು. ಮಾಲಿನಾಗ ಇಲ್ಲ, ಆಕಿ ಬೆರಳಾಗ ಐತಿ," ಅಂತ ಸೂಪರ್‌ವೈಸರ್ ನಿಟ್ಟುಸಿರು ಬಿಟ್ಟ. ಲೈನು ಮತ್ತೆ ಶುರುವಾಯಿತು. ಆಮೇಲೆ ಅವಳನ್ನು ಆಸ್ಪತ್ರೆಗೆ ಕಳಿಸಿದರು.

ಆ ಬೆರಳು ಮತ್ತೆ ಸರಿಯಾಗಿ ಮಡಚಲಿಲ್ಲ. ಜೇಬಿನ ಲೆಕ್ಕ ಕಡಿಮೆಯಾಯಿತು, ಬೈಗುಳ ಜಾಸ್ತಿಯಾಯಿತು. ಗೇಟಿನಲ್ಲಿ ಹೆಂಗಸರನ್ನು ತಪಾಸಣೆ ಮಾಡಲು ಒಬ್ಬ ಹೆಂಗಸು ಬೇಕು ಅಂದಾಗ ಅವಳನ್ನು ಅಲ್ಲಿಗೆ ಹಾಕಿದರು. ತನ್ನ ಬೆರಳಿನೊಳಗೆ ಇಣುಕಿದ ಕಡ್ಡಿಯೇ ತನಗೆ ಅನ್ನ ಕೊಡುತ್ತೆ ಅಂತ ಅವಳು ನಗಾಡುತ್ತಿದ್ದಳು. ಆಗ ಅವಳಿಗೆ ನಗು ಬರುತ್ತಿತ್ತು.

ಕೆಲಸ ಬೇಗ ಕೈಗೆ ಹತ್ತಿತು. ಎದೆಯ ಹತ್ತಿರ ಕೂಗಿದರೆ ತಾಳಿ, ಪಾದದ ಹತ್ತಿರ ಕೂಗಿದರೆ ಕಾಲುಂಗುರ. ಅದನ್ನು ಬಿಟ್ಟುಬಿಡಬೇಕು. ಸೊಂಟದಲ್ಲಿ ಕೂಗಿದರೆ ಮನೆಯ ಬೀಗದ ಕೈ, ಅದನ್ನು ತೆಗೆದು ಬುತ್ತಿಚೀಲದಲ್ಲಿ ಇಡಿಸಬೇಕು. ಕೀ ತೆಗೆದ ಮೇಲೂ ಸೊಂಟ ಕೂಗಿದರೆ ಪಕ್ಕಕ್ಕೆ ನಿಲ್ಲಿಸಿ ಆಫೀಸಿಗೆ ತಿಳಿಸಬೇಕು. ವಾಚ್‌ಮನ್ ಕದರಪ್ಪ ಪರದೆಯ ಈಚೆ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದ. ಅವನಿಗೆ ಒಳಗೇನೂ ಕಾಣುತ್ತಿರಲಿಲ್ಲ, ಆದರೆ ಕಿವಿ ಮಾತ್ರ ನೆಟ್ಟಗಿತ್ತು.

ಹೀಗೆ ಕೀ ತೆಗೆದ ಮೇಲೂ ಸೊಂಟ ಕೂಗಿದ ಮೊದಲ ಹೆಂಗಸು ಮೈಲಾರಮ್ಮ. ಜಿಪ್ ಕೂಡಿಸುವ ಲೈನಿನವಳು, ಬಾಯಿ ತುಂಬ ಮಾತಿನ ಹೆಂಗಸು. ಕದರಪ್ಪ ಸದ್ದು ಕೇಳಿ ಎದ್ದು ನಿಂತ, ಆಫೀಸಿನಿಂದ ಕಿರಣ್ ಕುಮಾರ್ ಬಂದ. ಕಿರಣ್ ಕುಮಾರ್ ಎಚ್.ಆರ್. ನೋಡಿಕೊಳ್ಳುವ ಹುಡುಗ, ಅನಂತಪುರ ಪೇಟೆಯವನು, ಮನೆಮಾತು ತೆಲುಗು. ಬ್ಲೇಡ್ ಇಟ್ಟುಕೊಂಡಿದ್ದಾಳೋ ಏನೋ, ಬಿಚ್ಚಿಸಿ ನೋಡಿ ಅಂದ. ಮೈಲಾರಮ್ಮ ಸೆರಗನ್ನು ಸೊಂಟಕ್ಕೆ ಬಿಗಿಹಿಡಿದುಕೊಂಡಳು.

ಮುಟ್ಟಿ ನೋಡಿದಾಗಲೇ ಅದೇನು ಅಂತ ತಿಳಿದಿದ್ದ ಅನ್ನದಾನಮ್ಮನಿಗೆ ತಡೆಯಲಾಗಲಿಲ್ಲ. "ಸಾರ್, ಕಳವಿನ ಮಾಲು ಅಲ್ಲರಿ, ಬ್ಲೇಡೂ ಅಲ್ಲ. ಆಕಿ ಬಸುರಿ ಅದಾಳ. ಗಾಳಿ ಗೀಳಿ ಸೋಕಬಾರದಂತ ನಮ್ಮ ಕಡಿ ಬಸುರಿ ಸೊಂಟಕ್ಕ ಕಬ್ಬಿಣ ಕಟ್ತಾರ್ರಿ. ಎತ್ತಿನ ಲಾಳದ ಮೊಳಿ ಅದು. ನಾನ ಒಂದು ದಾರ ಸುತ್ತಿ ಭದ್ರ ಮಾಡಿ ಕಳಸ್ತೀನಿ, ಬಿಡ್ರಿ."

"ಔನಾ?" ಅಂದ ಕಿರಣ್ ಕುಮಾರ್. "ಬಸುರಿ ಇದ್ರೆ ಕಬ್ಬಿಣ ಕಟ್ತಾರಾ? ಎಲ್ಲರೂನಾ?"

"ನಮ್ಮ ಹಳ್ಳಿ ಮಂದಿ ಎಲ್ಲಾರೂ ರೀ. ತಪ್ಪಿಸಂಗಿಲ್ಲ."

"ಒಳ್ಳೇದಾಯ್ತಮ್ಮ ಹೇಳಿದ್ದು," ಅಂದು ಆತ ನಗುತ್ತ ಹೋದ. ಮೈಲಾರಮ್ಮ ಅನ್ನದಾನಮ್ಮನ ಎರಡೂ ಕೈ ಹಿಡಿದುಕೊಂಡಳು. ಆ ದಿನವೆಲ್ಲ ಅನ್ನದಾನಮ್ಮನಿಗೆ ತಾನು ಒಂದು ಒಳ್ಳೆಯ ಕೆಲಸ ಮಾಡಿದೆ ಅಂತ ಒಳಗೊಳಗೇ ಹಿಗ್ಗು.

ತಿಂಗಳು ಮುಗಿಯುವುದರೊಳಗೆ ಆರ್ಡರ್ ಕಡಿಮೆ ಅಂತ ಹೇಳಿ ಮೈಲಾರಮ್ಮನನ್ನು ಕಾಂಟ್ರಾಕ್ಟಿನಿಂದ ತೆಗೆದರು. ಆರ್ಡರ್ ಹೆಚ್ಚು ಕಡಿಮೆ ಆಗುವುದು ಇದ್ದದ್ದೇ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಇನ್ನೊಬ್ಬಳ ಸೊಂಟ ಕೂಗಿತು, ಅವಳೂ ಹೋದಳು. ಮತ್ತೊಬ್ಬಳದು ಕೂಗಿತು, ಅವಳಿಗೂ ಆರ್ಡರ್ ಕಡಿಮೆಯಾಯಿತು. ಬಸುರಿಗೆ ಹೊಟ್ಟೆ ಕಾಣುವ ತನಕ ಕಾಯ್ದರೆ ಹೆರಿಗೆ ರಜೆ ಕೊಡಬೇಕು, ಕೂತಲ್ಲೇ ಸಂಬಳ ಕೊಡಬೇಕು. ಹೊಟ್ಟೆ ಕಾಣುವ ಮೊದಲೇ ಕಡ್ಡಿ ಹೇಳಿಬಿಟ್ಟರೆ ಯಾವ ತಕರಾರೂ ಇಲ್ಲ. ಡಾಕ್ಟರೂ ಬೇಡ, ಪರೀಕ್ಷೆಯೂ ಬೇಡ. ಅತ್ತೆಯಂದಿರು ಭಯಭಕ್ತಿಯಿಂದ ಕಟ್ಟಿ ಕಳಿಸಿದ ಕಬ್ಬಿಣವೇ ಗೇಟಿನಲ್ಲಿ ಬಾಯಿಬಿಡುತ್ತಿತ್ತು.

ಅನ್ನದಾನಮ್ಮನಿಗೆ ಇದು ಅರ್ಥವಾಗಲಿಲ್ಲ ಅಂತ ನಾನು ಹೇಳುವುದಿಲ್ಲ. ಚೆನ್ನಾಗಿ ಅರ್ಥವಾಯಿತು. ಕಡ್ಡಿಯನ್ನು ಒಂದು ಬೆರಳಷ್ಟು ದೂರ ಎತ್ತಿ ಹಿಡಿದರೆ ಅದು ಸುಮ್ಮನಿರುತ್ತೆ ಅನ್ನುವುದೂ ಅವಳಿಗೆ ಗೊತ್ತಿತ್ತು. ಆದರೆ ಒಂದು ದಿನ ಎತ್ತಿದ್ದು ಗೊತ್ತಾಗಿ ತನ್ನನ್ನೇ ತೆಗೆದರೆ? ಮಡಚಲಾರದ ಬೆರಳಿನವಳಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಸದ್ದು ಮಾಡುವುದು ಕಡ್ಡಿ, ತೆಗೆಯುವುದು ಆಫೀಸು, ನಡುವೆ ನಾನು ಬರೀ ಕೈ ಆಡಿಸುವವಳು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಇಂಥ ಸಮಾಧಾನಗಳಿಗೆ ದುಡ್ಡು ಕೊಡಬೇಕಿಲ್ಲ, ಬೇಕಾದಷ್ಟು ಸಿಗುತ್ತವೆ.

ಆ ಹೊತ್ತಿಗೆ ಮನೆಗೆ ಸೊಸೆ ಬಂದಿದ್ದಳು. ಭವ್ಯಾ, ಮಡಕಶಿರದ ಹತ್ತಿರ ಅಗಳಿಯವಳು. ಅವಳ ಮಾತಿನ ಧಾಟಿಯೇ ಬೇರೆ. 'ಬತ್ತೀನಿ', 'ಕಣತ್ತೆ' ಅಂದರೆ ಅನ್ನದಾನಮ್ಮ ಅಣಕಿಸಿ ನಗುವಳು. ಅತ್ತೆ 'ಯಾಕ', 'ಹೋಗಾಕ' ಅಂದರೆ ಸೊಸೆ ನಗುವಳು. ಮದುವೆಗೆ ಮುಂಚೆ ಮಡಕಶಿರದಲ್ಲಿ ಟೈಲರಿಂಗ್ ಕಲಿತಿದ್ದರಿಂದ ಫ್ಯಾಕ್ಟರಿಯಲ್ಲಿ ಕೆಲಸ ಸಿಗುವುದು ಕಷ್ಟವಾಗಲಿಲ್ಲ. ಜಿಪ್ ಕೂಡಿಸುವುದನ್ನು ಪಕ್ಕದಲ್ಲಿ ಕೂತು ಹೇಳಿಕೊಟ್ಟವಳು ಮೈಲಾರಮ್ಮ, ಇನ್ನೂ ಕೆಲಸದಲ್ಲಿ ಇದ್ದಾಗಿನ ಮಾತು. ವರ್ಷ ತುಂಬುವುದರೊಳಗೆ ಭವ್ಯಾಳನ್ನು ಸ್ಯಾಂಪಲ್ ಸೆಕ್ಷನ್ನಿಗೆ ಹಾಕಿದರು. ಹೊಸ ಆರ್ಡರ್ ಬಂದರೆ ಮೊದಲನೆಯ ಪ್ಯಾಂಟು ಹೊಲಿಯುವವಳು ಅವಳು. ಅದು ಒಪ್ಪಿಗೆಯಾದ ಮೇಲೆ ಲೈನಿನ ಹೆಂಗಸರೆಲ್ಲ ಅದನ್ನೇ ನೋಡಿಕೊಂಡು ಹೊಲಿಯಬೇಕು. ಈ ಸೀಸನ್ ಮುಗಿದ ಮೇಲೆ ಕಾಂಟ್ರಾಕ್ಟಿನಿಂದ ಬಿಡಿಸಿ ಕಂಪನಿ ರೋಲಿಗೆ ತೆಗೆದುಕೊಳ್ಳುತ್ತೇವೆ ಅಂತ ಅವಳಿಗೆ ಮಾತು ಕೊಟ್ಟಿದ್ದರು. ರೋಲಿಗೆ ಹೋದರೆ ಇವತ್ತು ಬಾ ನಾಳೆ ಬೇಡ ಅನ್ನುವ ಹಾಗಿಲ್ಲ. ಭವ್ಯಾಳಿಗೆ ಹಗಲೂ ರಾತ್ರಿ ಅದೇ ಕನವರಿಕೆ.

ಮೊದಲ ಬಸಿರು ಮೂರು ತಿಂಗಳಿಗೇ ಇಳಿದುಹೋಗಿತ್ತು. ಭವ್ಯಾ ಅದನ್ನು ಯಾರೆದುರೂ ಅತ್ತುಕೊಂಡು ಹೇಳಲಿಲ್ಲ. ಆದರೆ ಓಣಿಯಲ್ಲಿ ತೊಟ್ಟಿಲ ಕೂಸು ಅತ್ತರೆ ಸುಮ್ಮನೆ ಎದ್ದು ಒಳಗೆ ಹೋಗುತ್ತಿದ್ದಳು. ಈಗ ಮತ್ತೆ ಬಸುರಿಯಾದಳು. ಸೀಸನ್ ಮುಗಿಯುವ ತನಕ ಹೊರಗೆ ಗೊತ್ತಾಗಬಾರದು ಅಂತ ಗಂಡನಿಗೂ ಅತ್ತೆಗೂ ಹೇಳಿದಳು. ರೋಲಿಗೆ ತೆಗೆದುಕೊಂಡ ಮೇಲೆ ಡಂಗುರ ಹೊಡೆದರೂ ಚಿಂತೆಯಿಲ್ಲ.

ಅನ್ನದಾನಮ್ಮ ಅವತ್ತೇ ಲಾಳದ ಮೊಳೆ ತಂದಳು.

"ಬ್ಯಾಡ ಕಣತ್ತೆ," ಅಂದಳು ಭವ್ಯಾ. "ಗೇಟಲ್ಲಿ ಕೂಗ್ತೈತೆ, ನಂಗ್ಯಾಕೆ ಬೇಕು. ಇಷ್ಟಕ್ಕೂ ಕಬ್ಬಿಣ ಕಟ್ಕಂಡ್ರೆ ಕೂಸು ನಿಲ್ತದೆ ಅಂತ ಯಾವ ಡಾಕ್ಟ್ರು ಹೇಳವ್ರೆ?"

"ಹಿಂದಿನ ಸಲ ಕಟ್ಟಲಿಲ್ಲ. ಏನಾತು?"

ಭವ್ಯಾ ಮುಖ ಆ ಕಡೆ ತಿರುಗಿಸಿಕೊಂಡಳು. ಅನ್ನದಾನಮ್ಮನಿಗೆ ಆಡಬಾರದ ಮಾತು ಆಡಿದೆ ಅನಿಸಿತು, ಆದರೆ ಮೊಳೆಯ ಹಟ ಬಿಡಲಿಲ್ಲ. ಆಕೆಯ ತಾಯಿ ಕಟ್ಟಿದ್ದಳು, ಅತ್ತೆ ಕಟ್ಟಿದ್ದಳು. ಕಟ್ಟದೆ ಹೋದ ಬಸಿರೊಂದು ಕಣ್ಣೆದುರೇ ಹೋಗಿತ್ತು. ಫ್ಯಾಕ್ಟರಿಯ ದಾರಿಯಲ್ಲಿ ಸುಡುಗಾಡು ದಾಟಬೇಕು. ಆ ದಾರಿಯಲ್ಲಿ ಸೊಸೆಯನ್ನು ಬರಿಸೊಂಟದಲ್ಲಿ ಕಳಿಸಲು ಅವಳ ಎದೆ ಒಪ್ಪಲಿಲ್ಲ.

ಮರುವಾರ ಅನ್ನದಾನಮ್ಮ ಒಂದು ಹಳದಿ ಬಟ್ಟೆಯ ಅಂತ್ರ, ತಾಯಿತದಂಥ ಪುಟ್ಟ ಚೀಲ, ಹೊಲಿದು ತಂದಳು. ಒಳಗೆ ದೇವರ ಭಂಡಾರ ತುಂಬಿದ್ದಳು, ಆ ಅರಿಶಿನದ ಪುಡಿಯ ನಡುವೆ ಮೊನೆ ಮುರಿದ ಮೊಳೆ ಸೇರಿಸಿದ್ದಳು. "ಇದರಾಗ ಬರೀ ಭಂಡಾರ ಐತಿ, ಇದನ್ನಾರ ಕಟ್ಟಿಗೋ," ಅಂದಳು.

ಭವ್ಯಾ ಬೆರಳಲ್ಲಿ ಒತ್ತಿ ನೋಡಿದಳು. "ಗಟ್ಟಿಗೈತಲ್ಲ?"

"ಬೇರು. ಸ್ವಾಮಿಗಳು ಕೊಟ್ಟಿದ್ದು."

ಅತ್ತೆಯ ಮನಸ್ಸು ಯಾಕೆ ಮುರಿಯಬೇಕು ಅಂತ ಭವ್ಯಾ ಉಡಿದಾರಕ್ಕೆ ಕಟ್ಟಿಕೊಂಡಳು. ಬೇರಿಗೆ ಕಡ್ಡಿ ಕೂಗುವುದಿಲ್ಲವಲ್ಲ.

ಅಂದಿನಿಂದ ಗೇಟಿನಲ್ಲಿ ಸೊಸೆಯ ಸರದಿ ಬಂದಾಗ ಅನ್ನದಾನಮ್ಮನ ಕಡ್ಡಿ ಎದೆಯಿಂದ ನೇರ ಇಳಿದು, ಸೊಂಟದ ಹತ್ತಿರ ಬೆರಳಷ್ಟು ದೂರ ಸರಿದು, ಮೊಣಕಾಲ ಹತ್ತಿರ ಮತ್ತೆ ಮೈಗೆ ಬರುತ್ತಿತ್ತು. ಕದರಪ್ಪನ ಕಿವಿಗೆ ಏನೂ ಬೀಳಲಿಲ್ಲ. ಎಷ್ಟು ಸುಲಭ. ಇಷ್ಟು ಸುಲಭದ ಕೆಲಸವನ್ನು ಬೇರೆಯವರ ಮಕ್ಕಳಿಗೆ ಮಾಡಲಿಲ್ಲವಲ್ಲ ಅಂತ ಒಂದೆರಡು ಸಲ ಅನ್ನದಾನಮ್ಮನಿಗೆ ಚುಚ್ಚಿತು. ಚುಚ್ಚಿದ್ದನ್ನು ಅಲ್ಲೇ ಬಿಟ್ಟಳು. ಗೇಟಿನಲ್ಲಿ ಇರುವವಳು ನಾನು, ನನ್ನ ಸೊಸೆಗೆ ಏನಾಗುತ್ತದೆ ಅನ್ನುವ ಧೈರ್ಯ ಅವಳದು.

ಸೀಸನ್ ಮುಗಿಯುವ ಹೊತ್ತಿಗೆ ಪರದೇಶದಿಂದ ಒಂದು ಮಾಲು ವಾಪಸ್ ಬಂತು. ಯಾವುದೋ ಪ್ಯಾಂಟಿನ ಪಟ್ಟಿಯಲ್ಲಿ ಸೂಜಿಯ ಚೂರು ಸಿಕ್ಕಿತ್ತಂತೆ. ಪೆಟ್ಟಿಗೆಗಳನ್ನೆಲ್ಲ ಒಡೆದು, ಒಂದೊಂದೇ ಪ್ಯಾಂಟಿನ ಮೇಲೆ ಕಡ್ಡಿ ಆಡಿಸಿ ನೋಡಬೇಕಾಗಿತ್ತು. ಅನ್ನದಾನಮ್ಮ ಎಂದಿನಂತೆ ಎಲ್ಲರಿಗಿಂತ ಮುಂಚೆ ಬಂದು ಪರದೆ ಸರಿಸುತ್ತಿದ್ದಾಗ ಕಿರಣ್ ಕುಮಾರ್ ಎದುರಿಗೆ ಬಂದ.

"ಅಮ್ಮಾ, ನೀನು ಪ್ಯಾಕಿಂಗಿಗೆ ಹೋಗು. ಕಡ್ಡಿ ಹಿಡಿಯೋದ್ರಲ್ಲಿ ನಿನ್ನಷ್ಟು ಪಳಗಿದವರು ಇಲ್ಲ. ಗೇಟಿಗೆ ಏಜೆನ್ಸಿಯಿಂದ ಈ ಲಕ್ಷ್ಮಿದೇವಿ ಬಂದಿದಾಳೆ."

ಪಕ್ಕದಲ್ಲಿ ಹೊಸ ಯೂನಿಫಾರ್ಮ್ ತೊಟ್ಟ ಹುಡುಗಿಯೊಬ್ಬಳು ನಿಂತಿದ್ದಳು. ಅನ್ನದಾನಮ್ಮ ಪರದೆ ಬಿಟ್ಟು ಮುಂದೆ ಬಂದಳು. "ಸಾರ್, ಇವತ್ತೊಂದಿನ ಗೇಟಿನಾಗ ನಾನ ಇರ್ತೀನ್ರಿ. ಈಕಿ ಹೊಸಬಾಕಿ, ನಾನ ಕಲಿಸಿ ಆಮೇಲೆ ಹೋಗ್ತೀನಿ."

"ಕಲಿಯೋದೇನಿದೆ? ಕೂಗಿದ್ರೆ ನಿಲ್ಲಿಸೋದು. ನಡಿಯಮ್ಮ, ಟೈಮಿಲ್ಲ."

ಒಳಗೆ ಫೋನು ಒಯ್ಯುವ ಹಾಗಿಲ್ಲ, ಅವಳದು ಆಗಲೇ ಕದರಪ್ಪನ ಡಬ್ಬಿಯಲ್ಲಿ ಇಟ್ಟಾಗಿತ್ತು. ಸೊಸೆಗೆ ಒಂದು ಮಾತು ಹೇಳಿಬರುತ್ತೇನೆ ಅಂದರೆ ಕದರಪ್ಪ ಬಿಡಲಿಲ್ಲ, ಒಳಗೆ ಬಂದವರು ಊಟದ ಗಂಟೆಯ ತನಕ ಹೊರಗೆ ಹೋಗುವ ಹಾಗಿಲ್ಲ. ಪ್ಯಾಕಿಂಗಿನ ಹಾಲಿನಿಂದ ಗೇಟು ಕಾಣುವುದಿಲ್ಲ. ಅನ್ನದಾನಮ್ಮ ರಾಶಿ ಹಾಕಿದ ಪುಟ್ಟ ಪುಟ್ಟ ಪ್ಯಾಂಟುಗಳ ಮೇಲೆ ಕಡ್ಡಿ ಆಡಿಸುತ್ತ, ಭವ್ಯಾ ಇವತ್ತು ಅಂತ್ರ ಮರೆತು ಬಂದಿರಲಿ ಅಂತ ದೇವರಿಗೆ ಕೈ ಮುಗಿದಳು. ಅದನ್ನು ಕಟ್ಟಿಕೋ ಅಂತ ಬೆಳಿಗ್ಗೆ ತಾನೇ ನೆನಪಿಸಿ ಬಂದಿದ್ದಳು.

ಚಹದ ಹೊತ್ತಿಗೆ ಆಫೀಸಿನಿಂದ ಕರೆ ಬಂತು.

ಕಿರಣ್ ಕುಮಾರನ ಮೇಜಿನ ಮೇಲೆ ಕತ್ತರಿಸಿದ ಅಂತ್ರ ಬಿದ್ದಿತ್ತು. ಸುತ್ತ ಭಂಡಾರ ಚೆಲ್ಲಿತ್ತು, ನಡುವೆ ಮೊಳೆ. ಭವ್ಯಾ ಗೋಡೆಯ ಪಕ್ಕ ನಿಂತಿದ್ದಳು. ನಡೆದದ್ದು ಇಷ್ಟು. ಗೇಟಿನಲ್ಲಿ ಸೊಂಟ ಕೂಗಿದಾಗ ಭವ್ಯಾ ಹೆದರಲಿಲ್ಲ. ಬೇರು ಸಾರ್, ನಮ್ಮತ್ತೆ ಕಟ್ಟಿದ್ದು, ನಿಮ್ಮ ಮಷೀನೇ ಕೆಟ್ಟಿರಬೇಕು ಅಂದಳು. ಯಾರೂ ನಂಬದಿದ್ದಾಗ ತಾನೇ ಕತ್ತರಿ ಕೇಳಿ ಇಸಿದುಕೊಂಡು, ಎಲ್ಲರೆದುರು ಅಂತ್ರ ಕತ್ತರಿಸಿ ತೋರಿಸಿದಳು. ಅಷ್ಟು ನಂಬಿಕೆ ಅತ್ತೆಯ ಮೇಲೆ. ಮೊಳೆ ಮೇಜಿನ ಮೇಲೆ ಬಿತ್ತು.

"ಬೇರೆ ಯಾರಾದ್ರೂ ಆಗಿದ್ರೆ ನಾನು ಕರೆಸ್ತಾ ಇರಲಿಲ್ಲಮ್ಮ," ಅಂದ ಕಿರಣ್ ಕುಮಾರ್. "ನಿನ್ ಸೊಸೆ ಅಂತ ಮರ್ಯಾದೆಗೆ ಹೇಳ್ತಿದೀನಿ. ಸ್ಯಾಂಪಲ್ ಸೆಕ್ಷನ್ನಲ್ಲಿ ಆರ್ಡರ್ ಕಮ್ಮಿ ಆಗಿದೆ."

ಅನ್ನದಾನಮ್ಮ ಅವನ ಕಾಲಿಗೆ ಬೀಳುವುದೊಂದು ಬಾಕಿ. "ಸಾರ್, ಆಕಿಗೆ ಗೊತ್ತಿಲ್ರಿ, ಒಳಗಿಟ್ಟಾಕಿ ನಾನು. ನನ್ನ ತೆಗೀರಿ. ಆಕಿನ್ನ ಬಿಡ್ರಿ, ರೋಲಿಗೆ ಹಾಕ್ತೀವಿ ಅಂದೀರಿ."

"ನಿನ್ನ ಯಾಕೆ ತೆಗೀಲಿ? ನೀನು ಬೇಕಮ್ಮ. ಈ ಕಬ್ಬಿಣದ ವಿಷಯ ನೀನೇ ಅಲ್ವಾ ನಮಗೆ ಹೇಳಿಕೊಟ್ಟಿದ್ದು." ಆತ ವ್ಯಂಗ್ಯಕ್ಕೆ ಹೇಳಲಿಲ್ಲ, ನಿಜವಾಗಿ ಹೊಗಳಿದ. ಫೋನು ಬಂತು ಅಂತ ಎದ್ದು ಹೊರಗೆ ಹೋದ. ಭವ್ಯಾ ಆ ಮಾತು ಕೇಳಿಸಿಕೊಂಡಳೋ ಇಲ್ಲವೋ, ತಲೆ ತಗ್ಗಿಸಿ ಬುತ್ತಿಚೀಲ ತೆಗೆದುಕೊಂಡು ಹೊರಟಳು. ಸ್ಯಾಂಪಲ್ ಸೆಕ್ಷನ್ನಿನಲ್ಲಿ ಅರ್ಧ ಹೊಲಿದ ಪ್ಯಾಂಟು ಮಷೀನಿನ ಮೇಲೇ ಉಳಿಯಿತು. ಶಿಫ್ಟು ಮುಗಿಯುವ ತನಕ ಅನ್ನದಾನಮ್ಮ ಪರದೇಶದ ಮಕ್ಕಳ ಪ್ಯಾಂಟಿನಲ್ಲಿ ಸೂಜಿ ಹುಡುಕಿದಳು.

ಸಂಜೆ ಮನೆಗೆ ಬಂದಾಗ ಭೀಮೇಶ ಆಟೋ ನಿಲ್ಲಿಸಿ ಹಾರಾಡುತ್ತಿದ್ದ. ಆಫೀಸಿಗೆ ಹೋಗಿ ಕಾಲರ್ ಹಿಡೀತೀನಿ, ಲೇಬರ್ ಆಫೀಸರ್ ಹತ್ತಿರ ಹೋಗ್ತೀನಿ ಅಂತ ಕೂಗಾಡಿದ. ಕಾಗದದಲ್ಲಿ ಕಾಂಟ್ರಾಕ್ಟಿನವಳು ಅಂತಲೇ ಇದೆ, ಕಂಪನಿಗೂ ನನಗೂ ಸಂಬಂಧವೇ ಇಲ್ಲ ಅನ್ನುತ್ತಾರೆ ಅಂತ ಭವ್ಯಾಳೇ ಅವನನ್ನು ಕೂರಿಸಿದಳು. ಆತ ಗೊಣಗುತ್ತ ಓಣಿಯ ಕಡೆ ಎದ್ದು ಹೋದ. ಅತ್ತೆ ಸೊಸೆ ಇಬ್ಬರೇ ಉಳಿದರು.

"ಮೊಳೆ ಇಟ್ಟಿದ್ದಕ್ಕೆ ನಂಗೆ ಸಿಟ್ಟಿಲ್ಲ ಕಣತ್ತೆ," ಅಂದಳು ಭವ್ಯಾ. "ಕೂಸಿಗೆ ಅಂತ ಇಟ್ರಿ. ಆದ್ರೆ ಒಂದು ಕೇಳ್ತೀನಿ. ಆ ಸಾರ್ ಮೊಳೆ ನೋಡಿದೇಟಿಗೆ ಇದೇನು ಅಂತ ಕೇಳ್ಲಿಲ್ಲ. ಎಷ್ಟನೇ ತಿಂಗ್ಳು ಅಂತ ಕೇಳಿದ್ರು. ಆಮೇಲೆ ನೀವು ಬಂದಾಗ, ನೀನೇ ಹೇಳಿಕೊಟ್ಟಿದ್ದು ಅಂದ್ರು. ಯಾವಾಗ ಹೇಳಿಕೊಟ್ರಿ?"

ಅನ್ನದಾನಮ್ಮನಿಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಮೈಲಾರಮ್ಮನ್ನ ಹಿಡದಾಗ. ಕಳ್ಳಿ ಅಂತಾರಲ್ಲ ಅಂತ ಆಕಿ ಪರ ಮಾತಾಡಾಕ ಹೋಗಿ ಹೇಳಿದೆ."

"ಅವಳ್ನ ತೆಗೆದಿದ್ದು ಅದಕ್ಕೇನಾ?"

"ಹೌದು."

"ಆಮೇಲಿನವರ್ನೂ?"

"ಹೌದವ್ವ."

"ಆಮೇಲಿನವರಿಗೆ ಕಡ್ಡಿ ಎತ್ತಬೌದಾಗಿತ್ತಲ್ಲ. ನಂಗೆ ಎತ್ತಿದ್ರಿ."

ಬೈದಿದ್ದರೆ ಅನ್ನದಾನಮ್ಮ ತಡೆದುಕೊಳ್ಳುತ್ತಿದ್ದಳು, ತವರಿಗೆ ಹೋಗುತ್ತೇನೆ ಅಂದಿದ್ದರೆ ಕೈಕಾಲು ಹಿಡಿಯುತ್ತಿದ್ದಳು. ಭವ್ಯಾ ಎರಡೂ ಮಾಡಲಿಲ್ಲ. ತನಗೇ ಹೇಳಿಕೊಳ್ಳುವವಳ ಹಾಗೆ ಮೆತ್ತಗೆ ಹೇಳಿದಳು.

"ಕೆಲ್ಸ ಬಿಟ್ಟು ಹೋಗೋ ದಿನ ಮೈಲಾರಕ್ಕ ನನ್ ಕೈ ಹಿಡ್ಕಂಡು ಅತ್ಲು. ಆರ್ಡರ್ ಕಮ್ಮಿಯಾಗಿ ನನ್ ಗತಿ ಹಿಂಗಾಯ್ತು, ನೀನು ಹೆದರ್ಬ್ಯಾಡ ಕಣೆ, ಗೇಟಲ್ಲಿ ನಿಮ್ಮತ್ತೆ ಇರೋಗಂಟ ನಮ್ಮಂಥ ಹೆಂಗಸ್ರಿಗೆ ಏನೂ ಆಗಾಕಿಲ್ಲ ಅಂದ್ಲು."

ಅಷ್ಟು ಹೇಳಿ ಭವ್ಯಾ ರಾತ್ರಿಯ ಮುದ್ದೆಗೆ ನೀರಿಡಲು ಒಳಗೆ ಹೋದಳು. ಅನ್ನದಾನಮ್ಮ ಕೂತಲ್ಲಿಂದ ಏಳಲಿಲ್ಲ. ಆ ರಾತ್ರಿ ಸೊಸೆ ಊಟಕ್ಕೆ ಎಬ್ಬಿಸಿದಳು, ತಟ್ಟೆ ಇಟ್ಟಳು, ಸಾರು ಬಡಿಸಿದಳು. ಅತ್ತೆ ಅಂತ ಮಾತ್ರ ಕರೆಯಲಿಲ್ಲ.